ವೋಟು ಅಷ್ಟೇ ಇದ್ರೂ ಸೀಟು ಯಾಕಿಲ್ಲ? ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಸಾರ್, 2024ರ ಲೋಕಸಭೆ ಎಲೆಕ್ಷನ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಿಜೆಪಿಗೆ ಶೇ. 46.06 ವೋಟು, ಕಾಂಗ್ರೆಸ್‌ಗೆ ಶೇ. 45.43. ಮುಕ್ಕಾಲು ಪರ್ಸೆಂಟೂ ವ್ಯತ್ಯಾಸ ಇಲ್ಲ. ಸೀಟು ನೋಡಿದ್ರೆ 17 ಮತ್ತು 9. ಇದ್ಯಾವ ಲೆಕ್ಕ?
– ಓದುಗರು, ಕೊಪ್ಪಳ

ಉತ್ತರ: ಲೆಕ್ಕ ಸರಿಯಾಗೇ ಇದೆ, ನೀವು ತೆನೆ ಹೊತ್ತ ಮಹಿಳೆನ, ಅಂದ್ರೆ ಬಿಜೆಪಿ ಜತೆಗಿದ್ದ ಜೆಡಿಎಸ್ ಗುರುತನ್ನ, ಮರೆತ್ರಿ ಅಷ್ಟೆ! ಬಿಜೆಪಿ ನಿಂತಿದ್ದೇ 25 ಕಡೆ, ಮಂಡ್ಯ, ಹಾಸನ, ಕೋಲಾರ ಮೂರನ್ನೂ ಜೆಡಿಎಸ್‌ಗೆ ಬಿಟ್ಕೊಟ್ಟಿತ್ತು, ಕಾಂಗ್ರೆಸ್ ಮಾತ್ರ 28ರಲ್ಲೂ ನಿಂತು ಅಷ್ಟೂ ಕಡೆಯ ವೋಟು ಕೂಡಿಸಿಕೊಂಡು 45 ಚಿಲ್ಲರೆ ಮಾಡಿದ್ದು. ಜೆಡಿಎಸ್‌ನ ಶೇ. 5.60ನ್ನ ಬಿಜೆಪಿ ಪಕ್ಕ ಇಟ್ಟು ನೋಡಿ, 51 ದಾಟತ್ತೆ. ಈಗ ಅಂತರ ಆರು ಪರ್ಸೆಂಟು, ಜೆಡಿಎಸ್ ಗೆದ್ದ ಎರಡೂ ಸೇರಿ ಸೀಟು 19-9.

ಆಮೇಲೆ ವೋಟು ಎಲ್ಲಿ ಬಿತ್ತು ಅನ್ನೋದೂ ಇದೆಯಲ್ಲ. ನಿಮ್ಮ ಕಡೆ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದಕ್ಕೆ ಐದೂ ಕಾಂಗ್ರೆಸ್, 2019ರಲ್ಲಿ ಅದೇ ಐದೂ ಬಿಜೆಪಿ ಜೇಬಲ್ಲಿತ್ತು. ಬೆಂಗಳೂರು ಕಡೆ ಬಂದ್ರೆ ಉಲ್ಟಾ, ನಾಲ್ಕೂ ಬಿಜೆಪಿ, 2019ರಲ್ಲಿ ಕಾಂಗ್ರೆಸ್ ಇಡೀ ರಾಜ್ಯದಲ್ಲಿ ಉಳಿಸಿಕೊಂಡಿದ್ದ ಒಂದೇ ಒಂದು ಸೀಟು ಬೆಂಗಳೂರು ಗ್ರಾಮಾಂತರ ಕೂಡ ಡಾ. ಮಂಜುನಾಥ್ ಪಾಲಾಯ್ತು. ಕರಾವಳಿ ಕಡೆ ಸೋತ ಕಾಂಗ್ರೆಸ್ ವೋಟುಗಳೆಲ್ಲ ಪರ್ಸೆಂಟೇಜಿಗೆ ಜಮೆ ಆಗತ್ತೆ, ಸೀಟಿಗಲ್ಲ.

ಪ್ರಶ್ನೆ: ದೇಶದಲ್ಲಿ ಬಿಜೆಪಿ 2019ರ 303 ಸೀಟಿಂದ 2024ರಲ್ಲಿ 240ಕ್ಕೆ ಇಳೀತು ಅಂದ್ರೆ ಜನ ಸಿಟ್ಟಾಗಿದ್ರು ಅಂತಾನಾ?

ಉತ್ತರ: ಎಲ್ಲಾ ಕಡೆ ಒಂದೇ ಥರ ಅಲ್ಲ. ದೇಶಪೂರ್ತಿ ನೋಡಿದ್ರೆ ವೋಟು ಒಂದು ಪರ್ಸೆಂಟ್‌ನಷ್ಟೂ ಇಳಿದಿಲ್ಲ. ಆದರೆ ಯುಪಿ ಒಂದ್ರಲ್ಲೇ 62 ಇದ್ದಿದ್ದು 33 ಆಯ್ತು, ಸಮಾಜವಾದಿ ಪಕ್ಷ 37 ಹೊಡೀತು, ಅಯೋಧ್ಯೆ ಇರೋ ಫೈಜಾಬಾದೂ ಅವ್ರಿಗೇ ಹೋಯ್ತು. ಮಹಾರಾಷ್ಟ್ರದಲ್ಲಿ 23 ಹೋಗಿ 9, ರಾಜಸ್ಥಾನದಲ್ಲಿ 24 ಹೋಗಿ 14. ಅತ್ಲಾಗೆ ಒಡಿಶಾದಲ್ಲಿ 8 ಇದ್ದಿದ್ದು 20. ಅಲ್ಲಿ ಪಾಪ ನವೀನ್ ಪಟ್ನಾಯಕ್‌ರ ಬಿಜೆಡಿಗೆ ಶೇ. 37ರ ಮೇಲೆ ವೋಟು ಬಿದ್ದೂ ಸೀಟು ಸೊನ್ನೆ! ಎರಡನೇ ಸ್ಥಾನಕ್ಕೆ ನಮ್ಮ ಸಿಸ್ಟಮ್‌ನಲ್ಲಿ ಸಮಾಧಾನಕರ ಬಹುಮಾನವೂ ಇಲ್ಲ. ಕೇಂದ್ರದಲ್ಲಿ ಬಹುಮತಕ್ಕೆ 272 ಬೇಕಿತ್ತು, ಟಿಡಿಪಿಯ 16, ಜೆಡಿಯುನ 12 ಎಲ್ಲಾ ಸೇರಿ ಬಿಜೆಪಿ ಮೈತ್ರಿಕೂಟ ಎನ್‌ಡಿಎ 293 ಆಯ್ತು, ಟಿಡಿಪಿಯ ಚಂದ್ರಬಾಬು ನಾಯ್ಡುಗೆ ದಿಲ್ಲಿಯಲ್ಲಿ ಮತ್ತೆ ಮರ್ಯಾದೆ ಬಂತು.

ಪ್ರಶ್ನೆ: ಬೆಳಗ್ಗೆ ಟಿವಿಯಲ್ಲಿ ಗೆಲ್ತಿದ್ದೋರು ಸಂಜೆ ಸೋಲೋದು ಹೇಗೆ?

ಉತ್ತರ: ಒಂದ್ಸಲ ಕೌಂಟಿಂಗ್ ಏಜೆಂಟಾಗಿ ಕೂತಿದ್ದೆ, ಅವತ್ತೇ ಅರ್ಥ ಆಗಿದ್ದು. ಮೊಬೈಲ್ ಗೇಟಲ್ಲೇ ಕಿತ್ಕೊಂಡ್ರು, ಕೈಯಲ್ಲಿ ಪೆನ್ನು ಮತ್ತೆ ಒಂದು ಹಾಳೆ. ಜಾಲರಿ ಆಚೆ ಟೇಬಲ್, ಅಲ್ಲಿ ಕಂಟ್ರೋಲ್ ಯೂನಿಟ್ (ವೋಟು ದಾಖಲಾಗಿರೋ ಮಿಷಿನ್) ಸೀಲ್ ತೋರಿಸಿ, ಬಟನ್ ಒತ್ತಿದ್ರೆ ಒಬ್ಬೊಬ್ಬ ಕ್ಯಾಂಡಿಡೇಟಿನ ವೋಟು ಸಣ್ಣ ಸ್ಕ್ರೀನಲ್ಲಿ ಬರತ್ತೆ, ನಾವು ಕತ್ತು ಉದ್ದ ಮಾಡ್ಕೊಂಡು ಬರ್ಕೊಬೇಕು. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಟೇಬಲ್, 14 ಮಿಷಿನ್ ಮುಗಿದ್ರೆ ಒಂದು ರೌಂಡು. ಬೂತು ಜಾಸ್ತಿ ಇರೋ ಕಡೆ ರೌಂಡೂ ಜಾಸ್ತಿ, ಬೇರೆ ಕಡೆ ಎದ್ದು ಊಟಕ್ಕೆ ಹೋದ್ರೂ ಅಲ್ಲಿ ಎಣಿಸ್ತಾನೇ ಇರ್ತಾರೆ. ಬೆಂಗಳೂರು ಸೆಂಟ್ರಲ್ ನೋಡಿ, ಕಾಂಗ್ರೆಸ್ ಲೀಡ್‌ನಲ್ಲಿದ್ದು ಕೊನೆಗೆ 32,707ರಲ್ಲಿ ಸೋತಿತು, ಅದರೊಳಗಿನ ಮಹದೇವಪುರ ವಿಧಾನಸಭಾ ಕ್ಷೇತ್ರ ಒಂದೇ ಬಿಜೆಪಿಗೆ 1.14 ಲಕ್ಷ ಲೀಡ್ ಕೊಟ್ಟಿತ್ತು. ಅಲ್ಲಿನ ಮತದಾರರ ಪಟ್ಟಿ ಬಗ್ಗೆ 2025ರಲ್ಲಿ ಎದ್ದ ಜಗಳ ಬೇರೆ ಕಥೆ, ಅದಕ್ಕೆ ಇನ್ನೊಂದು ಪತ್ರ ಬರೀರಿ.

ಪ್ರಶ್ನೆ: ನೋಟಾ (ಯಾರೂ ಬೇಡ ಅನ್ನೋ ಬಟನ್) ಗೆದ್ರೆ ಏನ್ಮಾಡ್ತಾರೆ?

ಉತ್ತರ: ಏನೂ ಮಾಡಲ್ಲ, ನೋಟಾ ಬಿಟ್ಟು ಉಳಿದೋರಲ್ಲಿ ಯಾರಿಗೆ ಜಾಸ್ತಿ ಬಿದ್ದಿದೆಯೋ ಅವ್ರೇ ಎಂಪಿ. ಇಂದೋರ್‌ನಲ್ಲಿ ಕಾಂಗ್ರೆಸ್ ಕ್ಯಾಂಡಿಡೇಟ್ ಕೊನೇ ಗಳಿಗೇಲಿ ನಾಮಪತ್ರ ವಾಪಸ್ ತಗೊಂಡ್ರು, ಸಿಟ್ಟಿಗೆ 2,18,674 ಜನ ನೋಟಾ ಒತ್ತಿದ್ರು, ನೋಟಾ ಸೆಕೆಂಡ್ ಬಂತು. ಬಿಜೆಪಿಯೋರು 11 ಲಕ್ಷಕ್ಕೂ ಮೇಲಿನ ಅಂತರದಲ್ಲಿ ಗೆದ್ದು ದಿಲ್ಲಿ ಫ್ಲೈಟ್ ಹತ್ತಿದ್ರು.