ಹಳೇ ಸಬ್‌ಜೈಲನ್ನು ಜನ ನೋಡಲಿಕ್ಕೆ ಸಜ್ಜು ಮಾಡುವುದು ಹೇಗೆ? ಒಳಗೆ ಏನಿಡಬೇಕು?

ನೀವು ಕೇಳಿದ್ದು ಇಷ್ಟು: ಹಾವೇರಿ ಜಿಲ್ಲೆಯ ಒಂದು ತಾಲೂಕು ಊರು. ಹಳೇ ಮಾಮಲೇದಾರ (ಈಗಿನ ತಹಶೀಲ್ದಾರ) ಕಚೇರಿಯ ಹಿಂದೆ ಬ್ರಿಟಿಷರ ಕಾಲದ ನಾಲ್ಕು ಕೋಣೆಯ ಜೈಲು. ಕಲ್ಲು-ಗಾರೆಯ ಗೋಡೆ, ಮಂಗಳೂರು ಹೆಂಚು, ಒಂದು ಮೂಲೆಯಲ್ಲಿ ಸೀಳು. ಕಮಿಟಿಯವರು ಸಿಮೆಂಟ್ ಗಿಲಾವ್ ಮಾಡಿಸಿ, ಬಣ್ಣ ಹೊಡೆಸಿ, ಬೇಡಿ ತೊಟ್ಟ ಕೈದಿಗಳ ಗೊಂಬೆ ಮತ್ತು ಒಂದು ಗಲ್ಲುಗಂಬ ಇಡೋಣ ಅನ್ನುತ್ತಿದ್ದಾರೆ. ಸರಿಯೇ?

ಸಿಮೆಂಟೂ ಬೇಡ, ಗಲ್ಲುಗಂಬವೂ ಬೇಡ, ಗೊಂಬೆಯಂತೂ ಬೇಡವೇ ಬೇಡ. ಯಾಕೆ, ಅವುಗಳ ಬದಲು ಏನು ಮಾಡಬೇಕು ಅನ್ನುವುದನ್ನು ಕೆಲಸದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಕಾಗದ. ಕಟ್ಟಡ ಕಂದಾಯ ಇಲಾಖೆಯದೋ ಲೋಕೋಪಯೋಗಿ ಇಲಾಖೆಯದೋ ನೋಡಿ, ಲಿಖಿತ ಒಪ್ಪಿಗೆ ತಗೊಳ್ಳಿ. 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪಟ್ಟಿಯಲ್ಲಿ ನಿಮ್ಮ ಕಟ್ಟಡ ಇದೆಯೇ ವಿಚಾರಿಸಿ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಗುಡಿ ಇದ್ದರೆ (ಹಾವೇರಿಯ ಸಿದ್ಧೇಶ್ವರ, ಗದಗಿನ ತ್ರಿಕೂಟೇಶ್ವರದಂಥವು) ಅದರಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಬರೀ ದುರಸ್ತಿಗೂ ಅನುಮತಿ ಬೇಕು. ಅದು ಕೈಗೆ ಬರುವ ಮುಂಚೆ ಗೌಂಡಿಯನ್ನು ಕರೆಯಬೇಡಿ.

ಎರಡನೆಯ ಕಾಗದ ಇತಿಹಾಸದ್ದು. ಹಾವೇರಿ, ಗದಗ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನದೆಲ್ಲ ಧಾರವಾಡ ಜಿಲ್ಲೆಯ ಹೆಸರಿನಲ್ಲಿದೆ, 1956ಕ್ಕೂ ಹಿಂದಿನದು ಮುಂಬಯಿ ಸರಕಾರದ್ದು. ಹಾಗಾಗಿ ಧಾರವಾಡದ ಪತ್ರಾಗಾರ ಮತ್ತು ಮುಂಬಯಿಯ ಪತ್ರಾಗಾರ ಎರಡನ್ನೂ ನೋಡಬೇಕು. 1884ರ ಧಾರವಾಡ ಜಿಲ್ಲಾ ಗೆಜೆಟಿಯರಿನಲ್ಲಿ ಹಾವೇರಿ ತಾಲೂಕು ಹುಡುಕಿ ಸುಸ್ತಾಗುವವರಿದ್ದಾರೆ. ಆಗ ಅದು ಕರಜಗಿ ತಾಲೂಕು. ಹಿರೇಕೆರೂರು ಕಡೆಯದು ಕೋಡ, ಶಿಗ್ಗಾವಿ ಕಡೆಯದು ಬಂಕಾಪುರ. ಕಚೇರಿಯ ಅಟ್ಟದಲ್ಲಿ ಮೋಡಿ ಅಕ್ಷರದ (ಹಿಂದೆ ಮರಾಠಿ ದಫ್ತರ ಬರೆಯುತ್ತಿದ್ದ ಲಿಪಿ) ಕಟ್ಟು ಸಿಕ್ಕರೆ ಓದಲು ಬಾರದೆಂದು ರದ್ದಿಗೆ ಹಾಕಬೇಡಿ.

ಇನ್ನೊಂದು ಗಣಿಯ ಕಡೆಗೆ ಯಾರೂ ಹೋಗುವುದಿಲ್ಲ: ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಕಡತಗಳು. ಕೇಂದ್ರದ ಪಿಂಚಣಿ 1972ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಸೆರೆವಾಸ ತೋರಿಸಬೇಕಿತ್ತು, ಅದಕ್ಕೆ ಜೈಲಿನ ದಾಖಲೆ ಅಥವಾ ಜೊತೆ ಕೈದಿಯ ಪ್ರಮಾಣಪತ್ರ ಲಗತ್ತಿಸುತ್ತಿದ್ದರು. ಯಾರು ಎಂದು ಒಳಗೆ ಹೋದರು, ಯಾವ ಜೈಲಿಗೆ ವರ್ಗವಾದರು ಅನ್ನುವುದು ಅಲ್ಲಿ ಸಿಗುವಷ್ಟು ಬೇರೆಡೆ ಸಿಗದು. ಜೈಲಿನ ದಾಖಲೆಗಿಂತ ಜೊತೆ ಕೈದಿಯ ಮಾತಿಗೆ ತುಸು ಕಡಿಮೆ ತೂಕ ಕೊಡಿ.

ಕಾಗದ ಹುಡುಕುವಾಗಲೇ ಇದು ಪೊಲೀಸ್ ಲಾಕಪ್ಪೋ ಸಬ್‌ಜೈಲೋ ಇತ್ಯರ್ಥ ಮಾಡಿಕೊಳ್ಳಿ. 1894ರ ಕಾರಾಗೃಹ ಕಾಯ್ದೆ ಬರೀ ಪೊಲೀಸರ ವಶದ ಕೋಣೆಯನ್ನು ಜೈಲು ಅಂತಲೇ ಎಣಿಸುತ್ತಿರಲಿಲ್ಲ. ಒಳಗೆ ಏನಿಡಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಈಗ ಕಟ್ಟಡ. ಗೋಡೆ ಮುಟ್ಟುವ ಮುಂಚೆ ನೀರಿನ ದಾರಿ ನೋಡಿ. ಹೆಂಚು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ, ರೀಪಿನಿಂದ ರೀಪಿಗೆ 32 ಸೆಂಟಿಮೀಟರ್. ಹಳೇ ಹೆಂಚು ಬೆರಳಿಂದ ತಟ್ಟಿದರೆ ಗಟ್ಟಿ ನಾದ ಬಂದರೆ ಇಟ್ಟುಕೊಳ್ಳಿ, ಒಡಕು ಸದ್ದು ಬಂದರೆ ಬಿರುಕಿದೆ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ ದಬ್ಬಣ ಚುಚ್ಚಿ ನೋಡಿ. ಸುಲಭವಾಗಿ ಒಳಹೋದರೆ ಅಷ್ಟು ತುಂಡು ಕೊಳೆತಿದೆ. ಇಡೀ ತೊಲೆ ಬದಲಿಸದೆ, ಕೊಳೆತ ತುದಿ ಕತ್ತರಿಸಿ ಅದೇ ಜಾತಿಯ ಕಟ್ಟಿಗೆ ಜೋಡಿಸಿ, ತುದಿಯ ಸುತ್ತ ಗಾಳಿಯಾಡಲು ಬೆರಳಗಲ ಜಾಗ ಬಿಡಿಸಿ. ಗಾರೆಯಿಂದ ಬಿಗಿಯಾಗಿ ಮುಚ್ಚಿದ್ದಕ್ಕೇ ಅದು ಮೊದಲ ಸಲ ಕೊಳೆತದ್ದು.

ಹಳೇ ಊರುಗಳಲ್ಲಿ ರಸ್ತೆ ಏರುತ್ತ ಹೋಗಿ ಜೈಲು ತಗ್ಗಿನಲ್ಲಿ ಕೂತಿರುತ್ತದೆ. ಹೊರಗಿನ ನೆಲವನ್ನು ಒಳನೆಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ತಗ್ಗಿಸಿ, ಗೋಡೆಗುಂಟ ಒಂದು ಮೀಟರ್ ಅಗಲ ಕಲ್ಲು ಹಾಸಿಸಿ, ಹೊರಕ್ಕೆ ಇಳಿಜಾರು ಕೊಟ್ಟು ಕೊನೆಗೆ ಗಟಾರ ಮಾಡಿಸಿ. ಕಾಂಕ್ರೀಟ್ ಸುರಿದರೆ ನೆಲದ ತೇವ ಬೇರೆ ದಾರಿಯಿಲ್ಲದೆ ಗೋಡೆ ಹತ್ತುತ್ತದೆ.

ಸೀಳಿನ ಬಗ್ಗೆ ಅವಸರ ಬೇಡ. ನಿಮ್ಮ ಜಾಗ ಎರೆಮಣ್ಣಿನದಾದರೆ ಆ ಸೀಳು ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚಬಹುದು. ಹತ್ತು ಸೆಂಟಿಮೀಟರ್ ಉದ್ದದ ತೆಳು ಗಾಜಿನ ಪಟ್ಟಿಯನ್ನು ಸೀಳಿಗೆ ಅಡ್ಡಲಾಗಿಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಮೇಲೆ ತಾರೀಖು ಬರೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಗಾಜು ಒಡೆಯದಿದ್ದರೆ ಸೀಳು ಸತ್ತಿದೆ, ಸುಣ್ಣದ ಗಾರೆ ತುಂಬಿ ಮುಚ್ಚಬಹುದು. ಒಡೆದರೆ ಬುನಾದಿಯ ಕೆಲಸ. ಇಂಜಿನಿಯರ್ ಬೇಕು, ಮೇಲೆ ಮೆತ್ತಿದ್ದೆಲ್ಲ ದಂಡ.

ಸಿಮೆಂಟ್ ಯಾಕೆ ಬೇಡ? ಹಳೇ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ಮೈ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ, ಉಬ್ಬಿ, ಇಟ್ಟಿಗೆ-ಕಲ್ಲಿನ ಮೈಯನ್ನೇ ಪುಡಿ ಮಾಡುತ್ತದೆ. ನಾಲ್ಕೈದು ವರ್ಷಕ್ಕೆ ಗಿಲಾವ್ ಹಪ್ಪಳದಂತೆ ಎದ್ದಾಗ ಹಿಂದೆ ಬೊಗಸೆ ಬೊಗಸೆ ಪುಡಿ ಉದುರುತ್ತದೆ. ಈಗಾಗಲೇ ಸಿಮೆಂಟ್ ಮೆತ್ತಿದ ಭಾಗವಿದ್ದರೆ ಕೈ ಉಳಿಯಿಂದಲೇ ತೆಗೆಸಿ, ಒಂದು ಬೇಸಿಗೆ ಗೋಡೆಯನ್ನು ಬರಿಮೈ ಬಿಡಿ.

ಗಾರೆಗೆ ಮೊದಲು ಹಳೇ ಗಾರೆಯನ್ನೇ ಕೇಳಿ. ಸಂದಿನಿಂದ ಒಂದು ಹೆಂಟೆ ಒಣಗಿಸಿ, ಕುಟ್ಟಿ, 100 ಗ್ರಾಂ ತೂಗಿ. ಬಾತ್‌ರೂಮ್ ಆ್ಯಸಿಡ್ ಒಂದು ಪಾಲು, ನೀರು ಮೂರು ಪಾಲು (ನೀರಿಗೆ ಆ್ಯಸಿಡ್ ಸುರಿಯಬೇಕು, ತಿರುವು ಮುರುವಲ್ಲ). ಅದರಲ್ಲಿ ಹಾಕಿದರೆ ಸುಣ್ಣ ನೊರೆಯೆದ್ದು ಕರಗುತ್ತದೆ. ನೊರೆ ನಿಂತ ಮೇಲೆ ಸೋಸಿ, ತೊಳೆದು, ಒಣಗಿಸಿ ಮತ್ತೆ ತೂಗಿ. ಉಳಿದದ್ದು ಉಸುಕು, ಕೆಂಪು ಪುಡಿ ಇದ್ದರೆ ಅದು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಉಸುಕಿನ ಬಣ್ಣ, ಕಾಳಿನ ಗಾತ್ರ ಹಳೆಯದಕ್ಕೆ ಹೊಂದಬೇಕು. ಎರೆಭೂಮಿಯ ಹಳ್ಳದ ಉಸುಕಿನಲ್ಲಿ ಸುಣ್ಣದ ಹರಳೂ ಇರುವುದರಿಂದ ಅದೂ ಕರಗಿ ಲೆಕ್ಕ ತಪ್ಪಿಸಬಹುದು. ತೂಕವನ್ನು ಅಂದಾಜಿಗಷ್ಟೇ ಹಿಡಿಯಿರಿ.

ಸುಟ್ಟ ಸುಣ್ಣದ ಕಲ್ಲನ್ನು ನೀರಿನ ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಕೊತಕೊತ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗುತ್ತದೆ, ಕನ್ನಡಕ ಕಡ್ಡಾಯ. ಸೋಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಮೂರು ವಾರ ಬಿಡಿ, ತಿಂಗಳುಗಟ್ಟಲೆ ಬಿಟ್ಟರೆ ಇನ್ನೂ ಒಳ್ಳೆಯದು. ಅವಸರ ಮಾಡಿದರೆ ನೀರಿನಲ್ಲಿ ಅರಳದೆ ಉಳಿದ ಹರಳುಗಳು ಗೋಡೆಯೊಳಗೆ ಅರಳಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಗಿಲಾವಿಗೆ ಒಂದು ಪಾಲು ಸುಣ್ಣಕ್ಕೆ ಎರಡೂವರೆ-ಮೂರು ಪಾಲು ಉಸುಕು. ತೇವವಿರುವ ತಳದ ಭಾಗಕ್ಕೆ ಉಸುಕಿನಲ್ಲಿ ಒಂದು ಪಾಲು ಸುರ್ಕಿಯಾಗಿರಲಿ. ಒಂದು ಕೋಟು ಹತ್ತು-ಹನ್ನೆರಡು ಮಿಲಿಮೀಟರ್ ಮೀರಬಾರದು. ಹಸಿ ಗೋಣಿ ಹೊದಿಸಿ ಎರಡು ವಾರ ತಂಪಿಡಿ. ಮಾರ್ಚಿಯಿಂದ ಮೇವರೆಗೆ ಈ ಕೆಲಸ ಹಿಡಿಯಬೇಡಿ, ಗಾರೆ ಗಟ್ಟಿಯಾಗುವ ಮುಂಚೆ ಒಣಗಿ ಬಿರಿಯುತ್ತದೆ. ದಸರೆ ಕಳೆದು ಸಂಕ್ರಾಂತಿಯವರೆಗೆ ಸರಿಯಾದ ಕಾಲ.

ಕೋಣೆಯ ಒಳಗೋಡೆ ಬೇರೆಯೇ ವಿಷಯ. ಅಲ್ಲಿ ಪದರು ಪದರಾಗಿ ಸುಣ್ಣ ಬಳಿದಿರುತ್ತಾರೆ, ಅದರಡಿ ದಿನ ಎಣಿಸಿದ ಗೀರು, ಹೆಸರು, ದೇವರ ಚಿತ್ರ ಇರಬಹುದು. ಸುಣ್ಣ ಹೊಡೆಸುವ ಮುಂಚೆ ರಾತ್ರಿ ಒಂದು ಬ್ಯಾಟರಿ ತಗೊಂಡು ಹೋಗಿ, ಬೆಳಕನ್ನು ಗೋಡೆಗೆ ಅಂಟಿಸಿದಂತೆ ಬದಿಯಿಂದ ಹಾಯಿಸಿ. ಎದುರಿನಿಂದ ಬರೀ ಬಿಳಿಯಾಗಿ ಕಾಣುವ ಗೋಡೆಯ ಮೇಲೆ ಗೀರುಗಳು ನೆರಳಾಗಿ ಎದ್ದು ಬರುತ್ತವೆ. ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮೂಲೆಯಲ್ಲೊಂದು ಅಂಗೈ ಅಗಲದ ಜಾಗದಲ್ಲಿ ಸರ್ಜಿಕಲ್ ಬ್ಲೇಡಿನಿಂದ ಮೆಟ್ಟಿಲು ಮೆಟ್ಟಿಲಾಗಿ ಒಂದೊಂದೇ ಪದರು ಬಿಡಿಸಿ; ಸುಣ್ಣ, ನೀಲಿ, ಕಾವಿ ಯಾವುದರ ಮೇಲೆ ಯಾವುದು ಗೊತ್ತಾಗುತ್ತದೆ. ಇಡೀ ಗೋಡೆ ಕೆರೆದು ಬರಿಗಲ್ಲು ತೋರಿಸುವ ಈಗಿನ ಚಾಳಿ ನನಗೆ ಹಿಡಿಸದು, ಜೈಲಿನ ಗೋಡೆ ಯಾವತ್ತೂ ಹಾಗಿರಲಿಲ್ಲ. ಗೀರು ಸಿಕ್ಕ ಗೋಡೆಗೆ ಗಾಜು ಅಂಟಿಸಿ ಮುಚ್ಚಬೇಡಿ, ಒಳಗೆ ಬೆವರುತ್ತದೆ. ಎರಡಡಿ ದೂರದಲ್ಲಿ ಸೊಂಟದೆತ್ತರದ ಕಂಬಿ ಸಾಕು.

ಸರಳು, ಚಿಲಕ, ಬಾಗಿಲಪಟ್ಟಿಗಳಿಗೆ ಗ್ರೈಂಡರ್ ಹಚ್ಚಲು ಬಿಡಬೇಡಿ, ಕಮ್ಮಾರನ ಸುತ್ತಿಗೆ ಗುರುತು ಹೋಗಿಬಿಡುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಸುಡಬೇಡಿ. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ. ತಂತಿ ಬ್ರಷ್ಷಿನಿಂದ ಸಡಿಲ ತುಕ್ಕು ಉದುರಿಸಿ, ಒಂದು ಲೀಟರ್ ನೀರಿಗೆ 200 ಗ್ರಾಂ ಟ್ಯಾನಿಕ್ ಆ್ಯಸಿಡ್, 150 ಮಿಲಿ ಸ್ಪಿರಿಟ್ ಬೆರೆಸಿ ಎರಡು-ಮೂರು ಸಲ ಬಳಿಯಿರಿ. ತುಕ್ಕು ನೀಲಿಗಪ್ಪಾಗಿ ನಿಲ್ಲುತ್ತದೆ. ಮೇಲೆ ಮೇಣ ಉಜ್ಜಿ. ಮಳೆ ಬೀಳುವ ಕಡೆಯಾದರೆ ವರ್ಷಕ್ಕೊಮ್ಮೆ ಮೇಣ ಬೇಕೇ ಬೇಕು.

ಇನ್ನು ಒಳಗೆ ಏನಿಡಬೇಕು. ತಾಲೂಕಿನ ಸಬ್‌ಜೈಲೆಂದರೆ ಹೆಚ್ಚಾಗಿ ವಿಚಾರಣೆಗೆ ಕಾದವರು, ಸಣ್ಣ ಶಿಕ್ಷೆಯವರು ಇರುತ್ತಿದ್ದ ಜಾಗ. ದೊಡ್ಡ ಶಿಕ್ಷೆಯಾದರೆ ಬೆಳಗಾವಿಯ ಹಿಂಡಲಗಾ ಜೈಲು, ಪುಣೆಯ ಯರವಡಾ ಜೈಲು. ಗಾಣ, ಗಲ್ಲು ಇದ್ದದ್ದು ದೊಡ್ಡ ಜೈಲುಗಳಲ್ಲಿ. ಎಣ್ಣೆಗಾಣ ಎಳೆಯುವ ಕೈದಿಯ ಚಿತ್ರ ಅಂಡಮಾನಿನ ಸೆಲ್ಯುಲರ್ ಜೈಲಿನದು. ಅದು 1906ರಲ್ಲಿ ಮುಗಿದ, 693 ಒಂಟಿ ಕೋಣೆಗಳ ಕಟ್ಟಡ, ನಿಮ್ಮದು ನಾಲ್ಕು ಕೋಣೆಯದು. ಅದನ್ನು ಇಲ್ಲಿಗೆ ತಂದರೆ ಇಲ್ಲಿ ನಿಜವಾಗಿ ನಡೆದದ್ದು ಮುಚ್ಚಿಹೋಗುತ್ತದೆ. ಪಟ್ಟೆ ಪಟ್ಟೆ ಅಂಗಿಯೂ ಇಲ್ಲಿ ಬೇಡ. ಶಿಕ್ಷೆಯಾಗದ ಕೈದಿ ತನ್ನದೇ ಬಟ್ಟೆ, ತನ್ನದೇ ಊಟ ತರಿಸಿಕೊಳ್ಳಲು 1894ರ ಕಾಯ್ದೆಯಲ್ಲೇ ಅವಕಾಶವಿತ್ತು. ಹಾಗಾಗಿ ಗೂಟಕ್ಕೆ ಒಂದು ಧೋತರ, ಒಂದು ರುಮಾಲು ನೇತುಹಾಕಿದರೆ ಅದೇ ಸತ್ಯಕ್ಕೆ ಹತ್ತಿರ.

ನಾನಾದರೆ ನಾಲ್ಕರಲ್ಲಿ ಎರಡು ಕೋಣೆ ಪೂರ್ತಿ ಖಾಲಿ ಬಿಡುತ್ತೇನೆ. ಒಂದು ಮಾತ್ರ ವಾಸದ ಕೋಣೆ: ಕಂಬಳಿ, ಚಾಪೆ, ತಾಟು, ಚಂಬು, ಮೂಲೆಯಲ್ಲಿ ಮಲದ ಕುಂಡ. ಕುಂಡ ಇಡಲು ಕಮಿಟಿ ನಾಚಿಕೊಳ್ಳುತ್ತದೆ, ಆದರೆ ನೋಡುವ ಮಕ್ಕಳು ಮೊದಲು ಕೇಳುವುದೇ ಅದನ್ನು. ಕಂಬಳಿಗೆ ದೂರ ಹೋಗಬೇಕಿಲ್ಲ, ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯ ಕರಿ ಕಂಬಳಿ ಎರಡು ತನ್ನಿ, ಒಂದು ಬಳಕೆಗೆ, ಒಂದು ಕಪಾಟಿಗೆ. ನುಸಿ ಹತ್ತುತ್ತದೆ. ಬೇವಿನಸೊಪ್ಪಿನಿಂದ ಮರಿಹುಳ ಸಾಯುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ, ಹೊರತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬೇಡಿ. ಹೊಸದಾಗಿ ತಂದ ಪ್ರತಿ ವಸ್ತುವಿನ ಒಳಬದಿಗೆ ‘ಮಾದರಿ’ ಎಂದೂ ವರ್ಷವನ್ನೂ ಗುರುತು ಹಾಕಿ, ಇಲ್ಲವಾದರೆ ಮೂವತ್ತು ವರ್ಷಕ್ಕೆ ಅದೇ ಅಸಲಿ ಆಗಿ ಕೂಡುತ್ತದೆ.

ನಾಲ್ಕನೆಯದು ದಫ್ತರದ ಕೋಣೆ. ಜೈಲಿನಲ್ಲಿ ಯಾವ ಯಾವ ಪುಸ್ತಕ ಇಡಬೇಕೆಂದು 1894ರ ಕಾಯ್ದೆಯ 12ನೆಯ ಕಲಮು ಪಟ್ಟಿ ಮಾಡಿತ್ತು: ಒಳಬಂದವರ ರಿಜಿಸ್ಟರು, ಬಿಡುಗಡೆಯ ದಿನದ ಪುಸ್ತಕ, ಶಿಕ್ಷೆಯ ಪುಸ್ತಕ, ಭೇಟಿಗೆ ಬಂದವರ ಪುಸ್ತಕ, ಮತ್ತು ಕೈದಿಯಿಂದ ತೆಗೆದಿಟ್ಟುಕೊಂಡ ಹಣ-ವಸ್ತುಗಳ ದಾಖಲೆ. ಈ ಕೊನೆಯದರ ಮೇಲೆ ಒಂದು ಮೇಜು ಕಟ್ಟಿ. ಎಲೆ-ಅಡಿಕೆಯ ಚಂಚಿ, ಸಣ್ಣ ಚೂರಿ, ಬೆಳ್ಳಿ ಉಡದಾರ, ನಾಲ್ಕು ಬಿಲ್ಲಿ ದುಡ್ಡು, ಪಕ್ಕದಲ್ಲಿ ಬಿಚ್ಚಿಟ್ಟ ಪುಸ್ತಕದ ನಕಲು. ಬೇಡಿ ತೊಟ್ಟ ಗೊಂಬೆ ಹೇಳದಿದ್ದನ್ನು ಆ ಚಂಚಿ ಹೇಳುತ್ತದೆ. ಅಸಲಿ ಕಾಗದ ಮಾತ್ರ ಇಲ್ಲಿಡಬೇಡಿ, ಪತ್ರಾಗಾರಕ್ಕೆ ಕೊಟ್ಟು ಪ್ರತಿ ಇಡಿ.

ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಹೆಸರನ್ನು ಈ ಜೈಲಿಗೆ ಜೋಡಿಸಬೇಕೆಂದು ಒತ್ತಾಯ ಬಂದೇ ಬರುತ್ತದೆ. ಕಾಗದ ಇದ್ದರೆ ಧಾರಾಳವಾಗಿ ಹಾಕಿ. ಇಲ್ಲದಿದ್ದರೆ ಹೋರಾಟದ ಫಲಕ ಅಂಗಳದಲ್ಲಿ ಇರಲಿ, ಕೋಣೆಯ ಬಾಗಿಲ ಮೇಲೆ ಬೇಡ. ದನ ಕದ್ದವರು, ಜಗಳ ಮಾಡಿದವರು, ಕಾವಲಿನವರು ಕೂಡ ಇಲ್ಲೇ ಇದ್ದವರು. ಅವರಿಗೂ ಒಂದು ಫಲಕ ಇರಲಿ.

ದೀಪಕ್ಕೆ ಗೋಡೆ ಕೊರೆಯಬೇಡಿ. ತಂತಿ ಪೈಪಿನಲ್ಲಿ ಹೊರಗೇ ಓಡಲಿ, ಮೊಳೆ ಕಲ್ಲಿಗಲ್ಲ, ಗಾರೆಯ ಸಂದಿಗೆ ಬೀಳಲಿ. ಹಳದಿ ಎಲ್‌ಇಡಿ, ಕಡಿಮೆ ಬೆಳಕು. ಬಟ್ಟೆ-ಕಾಗದದ ಮೇಲೆ 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ಹೊಸ್ತಿಲು 15 ಸೆಂಟಿಮೀಟರ್ ಎತ್ತರವಿದ್ದರೆ ಗಾಲಿಕುರ್ಚಿಗೆ 1.8 ಮೀಟರ್ ಉದ್ದದ, ಎತ್ತಿಡಲು ಬರುವ ಕಟ್ಟಿಗೆಯ ಇಳಿಜಾರು ಬೇಕು. ಯಾರಾದರೂ ಗೋಡೆಗೆ ಹೊಸ ಹೆಸರು ಗೀಚಿದರೆ ಅದೇ ದಿನ ಸುಣ್ಣ ತುಂಬಿಸಿ, ಮರುದಿನಕ್ಕೆ ಬಿಟ್ಟರೆ ಪಕ್ಕದಲ್ಲಿ ಇನ್ನೊಂದು ಜೋಡಿ ಹೆಸರು ಬಂದಿರುತ್ತದೆ.

ಕೊನೆಗೆ ಬೀಗ. ಶಾಲೆಯ ಮಕ್ಕಳು ಬಂದರೆ ಒಬ್ಬನನ್ನು ಒಳಗೆ ಹಾಕಿ ಚಿಲಕ ಎಳೆಯುವುದು ಖಂಡಿತ. ಹಳೇ ಚಿಲಕ ಕತ್ತರಿಸದೆ, ಅದು ಹೋಗಿ ಕೂಡುವ ತೂತಿನಲ್ಲಿ ಕಟ್ಟಿಗೆಯ ಬೆಣೆ ಬಡಿಸಿ. ಚಿಲಕ ಎಳೆದರೂ ಕೂಡುವುದಿಲ್ಲ, ಬೇಕಾದಾಗ ಬೆಣೆ ತೆಗೆಯಬಹುದು. ಬಾಗಿಲು ಹೊರಕ್ಕೆ ಪೂರ್ತಿ ತೆರೆದು ಗೋಡೆಗೆ ಕೊಕ್ಕೆ ಹಾಕಿಡಿ. ಹಳೇ ಬೀಗ ದಫ್ತರದ ಮೇಜಿನ ಮೇಲಿರಲಿ, ಬೀಗದ ಕೈ ಮಾತ್ರ ಕಾವಲುಗಾರನ ಕಿಸೆಯಲ್ಲಿ.