ಸನ್ನದಿಗೆ ಅಡ್ಡಬಂದ ಕಾಗದಗಳು

ಪ್ರಶ್ನೆ: ರೈಲಿನಿಂದ ದಬ್ಬಿಸಿಕೊಂಡ ಗಾಂಧಿಗೆ ದಕ್ಷಿಣ ಆಫ್ರಿಕಾದ ಅದೇ ನಟಾಲಿನಲ್ಲಿ ವಕೀಲಿ ಸನ್ನದು ಸಿಕ್ಕಿದ್ದು ಹೇಗೆ? ಮೊದಲು ಪೇಟ ತೆಗೆಯಲೊಪ್ಪದವರು ಆಮೇಲೆ ತೆಗೆದದ್ದೇಕೆ?
– ಕಾನೂನು ವಿದ್ಯಾರ್ಥಿ, ಹಾವೇರಿ

ಉತ್ತರ: ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದ ಚಳಿರಾತ್ರಿ ಎಲ್ಲರಿಗೂ ಬಾಯಿಪಾಠ. ಅದಾಗಿ ಹದಿನೈದು ತಿಂಗಳಿಗೆ ನಡೆದ ಈ ಕಾಗದಪತ್ರದ ಜಗಳದ ಬಗ್ಗೆ ಕೇಳುವವರು ಕಡಿಮೆ. ಕೇಳಿದ್ದೀರಿ, ಸಂತೋಷ.

1893ರಲ್ಲಿ ಗಾಂಧಿ ಹೋದದ್ದು ಅಲ್ಲಿನ ಭಾರತೀಯ ವರ್ತಕ ದಾದಾ ಅಬ್ದುಲ್ಲಾರ ಕಂಪನಿಯ ಒಂದು ದಾವೆಗೆ ನೆರವಾಗಲು, ಹೆಚ್ಚೆಂದರೆ ಒಂದು ವರ್ಷಕ್ಕೆ, 105 ಪೌಂಡಿಗೆ. ಆ ಕೆಲಸಕ್ಕೆ ನಟಾಲಿನ ಸನ್ನದು ಬೇಕಿರಲಿಲ್ಲ. ಮರುವರ್ಷ ಭಾರತೀಯರ ಮತದ ಹಕ್ಕು ಕಸಿಯುವ ಮಸೂದೆ ಬಂದಾಗ ಅಲ್ಲಿನ ವರ್ತಕರು ಅವರನ್ನು ಹೋಗಗೊಡಲಿಲ್ಲ. ಸಾರ್ವಜನಿಕ ಕೆಲಸಕ್ಕೆ ಹಣ ಮುಟ್ಟುವುದಿಲ್ಲವೆಂದು ಗಾಂಧಿ ಹಟ ಹಿಡಿದರು. ಸುಮಾರು ಇಪ್ಪತ್ತು ವರ್ತಕರು ಒಂದು ವರ್ಷದ ಫೀ ಮುಂಗಡ ಕೊಟ್ಟು ತಮ್ಮ ವ್ಯವಹಾರಕ್ಕೆ ವಕೀಲರನ್ನಾಗಿ ಗೊತ್ತುಮಾಡಿಕೊಂಡರು. ಸನ್ನದು ಬೇಕಾಯಿತು.

ಅರ್ಜಿಯ ಜೊತೆ ವಕೀಲಿ ಅರ್ಹತೆಯ ದಾಖಲೆ, ನಡತೆಯ ಬಗ್ಗೆ ಎರಡು ಪತ್ರ. ಅದನ್ನು ಕೋರ್ಟಿನ ಮುಂದಿಡಲು ಒಬ್ಬ ವಕೀಲ. ಈ ಕೊನೆಯದನ್ನು ವಾಡಿಕೆಯಂತೆ ಅಟಾರ್ನಿ ಜನರಲ್ಲರೇ ಫೀ ಇಲ್ಲದೆ ಮಾಡಿಕೊಡುತ್ತಿದ್ದರು. ಆಗ ಆ ಹುದ್ದೆಯಲ್ಲಿದ್ದವರು ಹ್ಯಾರಿ ಎಸ್ಕಂಬ್. ತೊಡಕು ಬಂದದ್ದು ಮೊದಲ ದಾಖಲೆಯಲ್ಲಿ. ಲಂಡನ್ನಿನ ಬ್ಯಾರಿಸ್ಟರ್ ಪ್ರಮಾಣಪತ್ರದ ಮೂಲಪ್ರತಿಯನ್ನು ಬಾಂಬೆ ಹೈಕೋರ್ಟಿನಲ್ಲಿ ನೋಂದಾಯಿಸುವಾಗ ಅಲ್ಲೇ ಒಪ್ಪಿಸಿಬಿಟ್ಟಿದ್ದರು. ಕೈಯಲ್ಲಿದ್ದುದು ಬಾಂಬೆಯ ಪತ್ರ ಮಾತ್ರ. ನಡತೆಯ ಪತ್ರಗಳನ್ನು ತೂಕ ಹೆಚ್ಚಲೆಂದು ಇಬ್ಬರು ಯುರೋಪಿಯನ್ ವ್ಯಾಪಾರಿಗಳಿಂದ ಬರೆಸಿದ್ದರು.

ಅಲ್ಲಿನ ವಕೀಲರ ಸಂಘವಾದ ನಟಾಲ್ ಲಾ ಸೊಸೈಟಿ ಆಕ್ಷೇಪಣೆಯ ನೋಟಿಸು ಕಳಿಸಿತು. ಮೂಲಪ್ರತಿ ಇಲ್ಲವೆಂಬುದು ಅದರಲ್ಲೊಂದು ನೆಪ. ನಿಜವಾದ ಮಾತು ಬೇರೆ: ನಿಯಮ ಬರೆದಾಗ ಕರಿಯನೊಬ್ಬ ಅರ್ಜಿ ಹಾಕಿಯಾನೆಂದು ಯಾರೂ ಎಣಿಸಿರಲಿಲ್ಲವಂತೆ, ನಟಾಲ್ ಬೆಳೆದದ್ದು ಯುರೋಪಿಯನ್ನರಿಂದ, ಹಾಗಾಗಿ ವಕೀಲರ ಬಳಗದಲ್ಲೂ ಅವರ ಕೈಯೇ ಮೇಲಿರಬೇಕಂತೆ.

ಸೊಸೈಟಿಯ ಪರ ನಿಂತ ವಕೀಲರು ದಾದಾ ಅಬ್ದುಲ್ಲಾರಿಗೂ ಬೇಕಾದವರೇ. ಗಾಂಧಿಯನ್ನು ಕರೆಸಿ ಮಾತಾಡಿದರು. ಆ ಬಿಳಿಯರ ಶಿಫಾರಸು ಪತ್ರಗಳಿಗೆ ಅವರು ಕವಡೆಯ ಬೆಲೆಯನ್ನೂ ಕೊಡಲಿಲ್ಲ: ನಿನ್ನೆ ಮೊನ್ನೆ ಕಂಡವರಿಗೆ ನಿಮ್ಮ ಬಗ್ಗೆ ಏನು ಗೊತ್ತು? ನಿಮ್ಮ ಊರುಮನೆ ಬಲ್ಲ ಅಬ್ದುಲ್ಲಾ ಸೇಠರ ಅಫಿಡವಿಟ್ ತನ್ನಿ, ನನ್ನ ತಕರಾರಿಲ್ಲ, ಎಂದರು. ಮೊದಲು ಅಬ್ದುಲ್ಲಾರ ಪತ್ರವನ್ನೇ ತಂದಿದ್ದರೆ ಅದನ್ನು ತಳ್ಳಿ ಬಿಳಿಯರ ಪತ್ರ ಕೇಳುತ್ತಿದ್ದರಲ್ಲ ಎಂದು ಗಾಂಧಿಗೆ ಸಿಟ್ಟೇ ಬಂದಿತ್ತು. ತಂದುಕೊಟ್ಟರು. ಸೊಸೈಟಿ ಆದರೂ ಪಟ್ಟು ಬಿಡಲಿಲ್ಲ.

1894ರ ಸೆಪ್ಟೆಂಬರ್ 3ರಂದು ನಟಾಲಿನ ಸುಪ್ರೀಂ ಕೋರ್ಟ್, ಎಸ್ಕಂಬರ ಉತ್ತರವನ್ನೂ ಕೇಳದೆ, ಆಕ್ಷೇಪಣೆ ತಳ್ಳಿಹಾಕಿತು. ಸುಳ್ಳು ಅಫಿಡವಿಟ್ ಆಗಿದ್ದರೆ ಮೊಕದ್ದಮೆ ಹೂಡಿ ಹೆಸರು ಹೊಡೆದುಹಾಕಬಹುದು. ಕಾನೂನಿನಲ್ಲಿ ಬಣ್ಣಭೇದ ಇಲ್ಲದಿರುವಾಗ ತಡೆಯಲು ಕೋರ್ಟಿಗೆ ಅಧಿಕಾರವಿಲ್ಲ. ತೀರ್ಪಿನ ತಾತ್ಪರ್ಯ ಇಷ್ಟು.

ಇನ್ನು ಪೇಟ. 1893ರ ಮೇ ತಿಂಗಳಲ್ಲಿ ಡರ್ಬಾನ್ ಮ್ಯಾಜಿಸ್ಟ್ರೇಟರ ಮುಂದೆ ಅವರು ಕೂತಿದ್ದದ್ದು ನೋಡಲು ಬಂದವರಾಗಿ. ತೆಗೆ ಎಂದಾಗ ಎದ್ದು ಹೊರನಡೆದರು. ಈ ಸಲ ಪ್ರಮಾಣವಚನ ಮುಗಿದೊಡನೆ ಮುಖ್ಯ ನ್ಯಾಯಾಧೀಶರು ವಕೀಲರ ಉಡುಪಿನ ನಿಯಮ ಪಾಲಿಸಿ ಎಂದರು. ಗಾಂಧಿ ತೆಗೆದರು, ಕಸುವನ್ನು ದೊಡ್ಡ ಜಗಳಗಳಿಗೆ ಉಳಿಸಿಕೊಳ್ಳೋಣವೆಂದು. ಅಬ್ದುಲ್ಲಾ ಸೇಠರಿಗೆ ಇದು ಸರಿಬರಲಿಲ್ಲ. ನಮಗೆ ಗಾಂಧಿಯ ಲೆಕ್ಕವೇ ಸರಿ ಕಾಣುತ್ತದೆ: ಉಡುಪಿನ ನಿಯಮ ಎಲ್ಲ ವಕೀಲರಿಗೂ ಇತ್ತು, ಸೊಸೈಟಿಯ ತಕರಾರು ಒಬ್ಬರ ಚರ್ಮದ ಮೇಲಿತ್ತು.

ಕಾನೂನು ಓದುವವರು ಮುಂದಿನದನ್ನೂ ನೋಡಬೇಕು: ಬಣ್ಣದ ಹೆಸರೆತ್ತದೆಯೂ ಕಾನೂನು ಭೇದ ಮಾಡಬಲ್ಲದು. ಅದೇ ಎಸ್ಕಂಬ್ 1897ರಲ್ಲಿ ನಟಾಲಿನ ಪ್ರಧಾನಿಯಾದರು. ಆ ವರ್ಷದ ವ್ಯಾಪಾರ ಪರವಾನಗಿ ಕಾಯ್ದೆಯಲ್ಲಿ ‘ಭಾರತೀಯ’ ಎಂಬ ಪದವೇ ಇಲ್ಲ. ಅಂಗಡಿಯ ಲೆಕ್ಕ ಇಂಗ್ಲಿಷಿನಲ್ಲಿರಬೇಕು, ಅಷ್ಟೆ; ಗುಜರಾತಿಯಲ್ಲಿ ಖಾತೆ ಬರೆಯುವವನು ಅಲ್ಲೇ ಸಿಕ್ಕಿಬಿದ್ದ. ಪಟ್ಟಣಗಳಲ್ಲಿ ಪರವಾನಗಿ ಅಧಿಕಾರಿಯನ್ನು ನೇಮಿಸುವುದು ನಗರಸಭೆ. ಅವನು ಕೊಡುವುದಿಲ್ಲವೆಂದರೆ ಅಪೀಲು ಅದೇ ನಗರಸಭೆಗೆ, ಅಲ್ಲಿ ಕೂತವರಲ್ಲಿ ಎದುರಂಗಡಿಯ ಬಿಳಿ ವ್ಯಾಪಾರಿಗಳೂ ಇದ್ದರು. ಅಲ್ಲಿಂದಾಚೆ ಸುಪ್ರೀಂ ಕೋರ್ಟಿಗೆ ಹೋಗುವಂತಿರಲಿಲ್ಲ.