ಫ್ಲ್ಯಾಶ್ ಆರಿಸಿ, ತೀರ್ಮಾನಕ್ಕೆ ಕಾಯಿರಿ

ಪ್ರಶ್ನೆ: ನನ್ನ 8 ವರ್ಷದ ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ. ಕಳೆದ ಸಲ ಅವಳ ಶಾಲೆಯ ವಾರ್ಷಿಕೋತ್ಸವ ಕಲಾಮಂದಿರದಲ್ಲಿ ನಡೆಯಿತು. ಡಿಎಸ್‌ಎಲ್‌ಆರ್ ಆಟೊದಲ್ಲಿಟ್ಟು ನೂರಾರು ಫೋಟೊ ತೆಗೆದೆ. ಫ್ಲ್ಯಾಶ್ ಹಾಕಿದರೆ ಮುಂದೆ ಕೂತವರ ತಲೆಗಳೇ ಬೆಳಗಿದವು. ಹಾಕದಿದ್ದರೆ ಕೈಕಾಲು ಕಲೆಸಿಹೋಯಿತು, ಮುಖ ಸುಣ್ಣ ಬಳಿದ ಹಾಗಾಯಿತು. ಲೆನ್ಸ್ ಕ್ಯಾಮೆರಾ ಜೊತೆ ಬಂದ 18-55. ಮುಂದಿನ ತಿಂಗಳು ಮತ್ತೆ ಕಾರ್ಯಕ್ರಮ ಇದೆ. ಹೊಸ ಕ್ಯಾಮೆರಾ ಬೇಕಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬೇಡ. ಇರುವ ಕ್ಯಾಮೆರಾದಲ್ಲೇ ಚೆನ್ನಾಗಿ ಬರುತ್ತದೆ. ಆಟೊ ಮಾತ್ರ ಬಿಡಬೇಕು.

ಮೊದಲು ಫ್ಲ್ಯಾಶ್ ಆರಿಸಿ. ದೂರ ಎರಡು ಪಟ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 3 ಮೀಟರ್ ದೂರದ ತಲೆಗೆ ಬಿದ್ದ ಬೆಳಕಿನಲ್ಲಿ 12 ಮೀಟರ್ ಆಚೆಯ ಮಗುವಿಗೆ ಸಿಗುವುದು ಹದಿನಾರರಲ್ಲಿ ಒಂದು ಪಾಲು. ಅದಕ್ಕಿಂತ ಮುಖ್ಯ, ಅರಮಂಡಿಯಲ್ಲಿ (ಮಂಡಿ ಹೊರಕ್ಕೆ ಬಾಗಿಸಿದ ಅರೆ ಕುಳಿತ ಭಂಗಿಯಲ್ಲಿ) ನಿಂತು ತಾಳದ ಲೆಕ್ಕ ಹಿಡಿದಿರುವ ಮಗುವಿನ ಕಣ್ಣಿಗೆ ಅದು ಫಳ್ ಎಂದು ಹೊಡೆಯುತ್ತದೆ. ಒಂದು ಫೋಟೊಗಾಗಿ ಅವಳ ಲೆಕ್ಕ ತಪ್ಪಿಸಬಾರದು ಅಲ್ವಾ?

ಮುಖ ಬೆಳ್ಳಗಾಗುವುದಕ್ಕೆ ಕಾರಣ ಹಿಂದಿನ ಕಪ್ಪು ಪರದೆ. ಎಲ್ಲಾ ಕತ್ತಲೆ ಎಂದುಕೊಂಡು ಕ್ಯಾಮೆರಾ ಜಾಸ್ತಿ ಬೆಳಕು ಎಳೆದುಕೊಳ್ಳುತ್ತದೆ. ಹಾಗಾಗಿ ಮ್ಯಾನುಯಲ್‌ಗೆ ಹೋಗಿ. ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) ಸೆಕೆಂಡಿನ 1/250, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಎಷ್ಟು ತೆರೆಯುತ್ತದೋ ಅಷ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಅಳತೆ) 3200. ನಿಮ್ಮ ಮಗಳಿಗಿಂತ ಮುಂಚಿನ ತಂಡ ಕುಣಿಯುವಾಗ ಎರಡು ಫೋಟೊ ತೆಗೆದು ಮುಖ ನೋಡಿಕೊಳ್ಳಿ. ಬೆಳ್ಳಗಿದ್ದರೆ ಐಎಸ್‌ಒ ಇಳಿಸಿ, ಕಪ್ಪಾಗಿದ್ದರೆ 6400ಕ್ಕೆ ಏರಿಸಿ. ಚಿತ್ರ ಸ್ವಲ್ಪ ಕಾಳುಕಾಳಾದರೂ ಪರವಾಗಿಲ್ಲ, ಕಲೆಸಿಹೋಗುವುದಕ್ಕಿಂತ ವಾಸಿ. ನಿಮ್ಮ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್5.6ಕ್ಕೆ ನಿಲ್ಲುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಯಾರಾದರೂ 50 ಎಂಎಂ ಎಫ್1.8 ಲೆನ್ಸ್ ಒಂದು ದಿನದ ಮಟ್ಟಿಗೆ ಕೊಟ್ಟರೆ ತೆಗೆದುಕೊಳ್ಳಿ. ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ.

ಎಲ್‌ಇಡಿ ದೀಪದಲ್ಲಿ ಚಿತ್ರಕ್ಕೆ ಅಡ್ಡ ಪಟ್ಟೆ ಬಂದರೆ ಶಟರ್ 1/100ಕ್ಕೆ ಇಳಿಸಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ.

ಇನ್ನು ಯಾವ ಕ್ಯಾಮೆರಾದಲ್ಲೂ ಇಲ್ಲದ ಒಂದು ಅನುಕೂಲ ನಿಮಗಿದೆ. ಅವಳು ಮನೆಯಲ್ಲಿ ಅಭ್ಯಾಸ ಮಾಡುವುದನ್ನು ದಿನಾ ನೋಡಿದ್ದೀರಿ. ಜತಿ (ತಾಳಕ್ಕೆ ಹೆಣೆದ ಸೊಲ್ಲುಗಳ ಕುಣಿತ) ಓಡುತ್ತಾ ಓಡುತ್ತಾ ತೀರ್ಮಾನಕ್ಕೆ, ಅಂದರೆ ಅದರ ಮುಕ್ತಾಯದ ತುಣುಕಿಗೆ ಬಂದು, ಕೊನೆಯ ತಟ್ಟಿಗೆ ಅವಳು ಕೈ ಚಾಚಿ ನಿಲ್ಲುತ್ತಾಳಲ್ಲ, ಅಲ್ಲಿ ಅರೆಕ್ಷಣ ದೇಹ ಪೂರ್ತಿ ಸ್ಥಿರ. ಬಟನ್ ಒತ್ತಬೇಕಾದದ್ದು ಆಗ. ಎಲ್ಲಿ ನಿಲ್ಲುತ್ತಾಳೆಂದು ಬಾಡಿಗೆಗೆ ಬಂದ ಫೋಟೊಗ್ರಾಫರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಈ ತಿಂಗಳೆಲ್ಲಾ ಮನೆಯಲ್ಲಿ ಅವಳು ಕುಣಿಯುವಾಗ ಕ್ಯಾಮೆರಾ ಹಿಡಿದು ಕೂತು ಆ ನಿಲುಗಡೆಗಳನ್ನು ಕಲಿಯಿರಿ. ಸುಮ್ನೆ ನೂರು ಫೋಟೊ ಒತ್ತುವುದಕ್ಕಿಂತ ಹತ್ತು ತೀರ್ಮಾನ ಹಿಡಿದರೆ ಸಾಕು.

ಮೊದಲ ಸಾಲಿನಲ್ಲಿ ಕೂರಬೇಡಿ. ವೇದಿಕೆಯ ಅಂಚು ಪಾದಗಳನ್ನು ಮುಚ್ಚುತ್ತದೆ, ಗೆಜ್ಜೆ ಕಾಣದ ಭರತನಾಟ್ಯದ ಚಿತ್ರ ನನಗಂತೂ ಅರ್ಧವೇ. ಐದನೇ ಸಾಲಿನ ಆಸುಪಾಸು, ಓಡಾಡುವ ದಾರಿಯ ಪಕ್ಕ ಜಾಗ ಹಿಡಿಯಿರಿ. ಗುರುಗಳು ಒಪ್ಪಿದರೆ ವೇದಿಕೆಯ ರಿಹರ್ಸಲ್‌ಗೂ ಹೋಗಿ. ವೇಷ ಹಾಕಿ ದೀಪದಡಿ ನಡೆಸುವ ರಿಹರ್ಸಲ್ ಆದರೆ ಇನ್ನೂ ಒಳ್ಳೆಯದು. ಅಲ್ಲಿ ಯಾರ ತಲೆಯೂ ಅಡ್ಡ ಇರುವುದಿಲ್ಲ.

ಪ್ರಶ್ನೆ: ಮಗನ ಶಾಲೆಯಲ್ಲಿ ಕಂಸಾಳೆ ಕುಣಿತ ಇದೆ, ಒಳಾಂಗಣದಲ್ಲಿ. ನನ್ನ ಹತ್ತಿರ ಇರುವುದು ಮೊಬೈಲ್ ಒಂದೇ.
– ಓದುಗರು, ಮಂಡ್ಯ

ಉತ್ತರ: ಮೊದಲು ಲೆನ್ಸನ್ನು ಬಟ್ಟೆಯಿಂದ ಒರೆಸಿ. ನೈಟ್ ಮೋಡ್ ಬೇಡ, ಅದು ನಿಧಾನ, ಕುಣಿಯುವ ಮಗು ಕಲೆಸಿಹೋಗುತ್ತದೆ. ಪರದೆಯ ಮೇಲೆ ಮಗನ ಮುಖ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಬೇಡಿ, ಆಮೇಲೆ ಕತ್ತರಿಸಿಕೊಂಡರಾಯಿತು. ತಾಳ ಒಂದಕ್ಕೊಂದು ಬಡಿಯುವ ಹೊತ್ತಿಗೆ ಸಾಲಾಗಿ ಹತ್ತು ಫೋಟೊ ತೆಗೆಯಿರಿ. ಕಂಸಾಳೆಯ ಬೀಸು ಸ್ವಲ್ಪ ಕಲೆಸಿದ್ದರೆ ಚೆಂದವೇ, ಮುಖ ಸ್ಪಷ್ಟ ಇದ್ದರೆ ಸಾಕು.

ಮೊಬೈಲಿಗೆ ನಿಜವಾಗಿ ಒಗ್ಗುವ ಜಾಗ ಬಣ್ಣ ಹಚ್ಚುವ ಕೋಣೆ. ಕಿಟಕಿ ಪಕ್ಕ ಮಗನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿಯುವಾಗ ತೆಗೆಯಿರಿ. ಬೇರೆ ಮಕ್ಕಳೂ ಚಿತ್ರದಲ್ಲಿದ್ದರೆ, ಸ್ಟೇಟಸ್‌ಗೆ ಹಾಕುವ ಮುಂಚೆ ಅವರ ಮನೆಯವರನ್ನು ಒಂದು ಮಾತು ಕೇಳಿ.